ಉಸಿರಿನ ಅಳತೆ

ಡೆಟ್ರಾಯಿಟ್ ನಗರದ ಹೊಳೆದಂಡೆಯ ಬಳಿಯಿಂದ ಹೊರಟು, ವಾಯವ್ಯಾಭಿಮುಖವಾಗಿ ಸುಮಾರು 43 ಕಿಲೋಮೀಟರು ಸಾಗಿ, ಪಾಂಟಿಯಾಕ್ ಎಂಬ ಊರನ್ನು ಮುಟ್ಟುವ ವುಡ್‌ವರ್ಡ್ ಅವೆನ್ಯೂ ಎಂಬ ರಾಜಮಾರ್ಗದ ಅಂಚಿನಲ್ಲಿ, ಆಗಸ್ಟ್ ತಿಂಗಳ ಮೂರನೆಯ ಶನಿವಾರ, ಮಡಚುಕುರ್ಚಿ ಹಾಕಿಕೊಂಡು ಕುಳಿತವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಬೀಳುತ್ತದೆ. 1995ರಲ್ಲಿ ಮೊದಲಾದ ಈ ಹಳೆಯ ಕಾರುಗಳ ಮೆರವಣಿಗೆ ಜನಸಂದಣಿಯಲ್ಲಾಗಲಿ ಸಡಗರದಲ್ಲಾಗಲಿ ನಮ್ಮ ಕಡೆಯ ರಥೋತ್ಸವಗಳಿಗೆ ಕಡಮೆಯದಲ್ಲ. ವ್ಯತ್ಯಾಸವೆಂದರೆ ಇಲ್ಲಿ ತೇರುಗಳನ್ನು ಯಾರೂ ಎಳೆಯಬೇಕಾಗಿಲ್ಲ, ಅವೇ ಗುಡುಗುತ್ತ ಬರುತ್ತವೆ. ಮಗನ ಮನೆಯಲ್ಲಿ ಒಂದು ಬೇಸಗೆ ಕಳೆಯಲೆಂದು ಹೋಗಿದ್ದ ನನ್ನನ್ನು ಆ ದಿನ ಅಲ್ಲಿಗೆ ಕರೆದೊಯ್ದವರು ನೆರೆಮನೆಯ ವೃದ್ಧರು. ನಾಲ್ಕು ದಶಕಗಳ ಕಾಲ ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಆ ಮಹಾಶಯರು ಕಣ್ಣುಮುಚ್ಚಿ ಕುಳಿತು, ಸಂಗೀತಸಭೆಯಲ್ಲಿ ಹಿಂದಿನ ಸಾಲಿನ ರಸಿಕರು ಅಪಸ್ವರ ಹುಡುಕುವಂತೆ, ಎದುರಿಗೆ ಹಾದುಹೋದ ಒಂದೊಂದು ಕಾರಿನ ಸದ್ದಿಗೂ ಭಾಷ್ಯ ಹೇಳುತ್ತಿದ್ದರು: ಇದಕ್ಕೆ ಪೆಟ್ರೋಲು ಹೆಚ್ಚಾಗಿದೆ, ಅದು ಗಾಳಿಯನ್ನು ಕದಿಯುತ್ತಿದೆ, ಅಗೋ ಆ ಕೆಂಪು ಬಣ್ಣದ್ದರ ಯಜಮಾನ ದುಡ್ಡು ಸುರಿದು ಕೆಡಿಸಿಕೊಂಡಿದ್ದಾನೆ.

ಹೀಗೆ ದುಡ್ಡು ಸುರಿದು ಕೆಡಿಸಿಕೊಳ್ಳುವುದು ಹೇಗೆಂಬ ನನ್ನ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಮರುದಿನ ತಮ್ಮ ಗ್ಯಾರೇಜಿಗೆ ಕರೆದು ತಮ್ಮದೇ ಕಾರಿನ ಬಾನೆಟ್ಟು ಎತ್ತಿದರು. ಅದು 1967ರ ಪಾಂಟಿಯಾಕ್ ಜಿಟಿಓ.

ಅಮೆರಿಕದವರು ಮಸಲ್ ಕಾರ್ ಎಂದು ಕರೆಯುವ ಈ ಜಾತಿಯ ಕಾರುಗಳ ಹುಟ್ಟಿನ ಕಥೆ ಸ್ವಾರಸ್ಯವಾದುದು. ಮಧ್ಯಮ ಗಾತ್ರದ, ಸಂಸಾರವಂದಿಗರ ಕಾರಿನ ಒಡಲಿಗೆ ದೊಡ್ಡ ಕಾರಿನ ಎಂಜಿನ್ನನ್ನು ಇಳಿಸಿದರೆ ಏನಾದೀತು ಎಂಬ ಹುಡುಗುಬುದ್ಧಿಯ ಪ್ರಶ್ನೆಯೇ ಇದರ ಮೂಲ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಸಲ್ಲದೆಂಬ ನಿಯಮ ಜನರಲ್ ಮೋಟರ್ಸಿನೊಳಗೆ ಇದ್ದಾಗಲೂ, ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು 389 ಘನ ಅಂಗುಲದ ಎಂಜಿನ್ನನ್ನು 1964ರ ಟೆಂಪೆಸ್ಟ್ ಲಮಾನ್ಸ್ ಕಾರಿಗೆ 'ಬೇಕೆಂದವರಿಗೆ ಹೆಚ್ಚುವರಿ ಸಾಮಗ್ರಿ' ಎಂಬ ನೆಪದಲ್ಲಿ, 300 ಡಾಲರಿಗಿಂತ ತುಸು ಕಡಮೆ ಬೆಲೆಗೆ ಸೇರಿಸಿ, ನಿಯಮದ ಅಕ್ಷರವನ್ನು ಉಳಿಸಿ ಅದರ ಆಶಯವನ್ನು ಗಾಳಿಗೆ ತೂರಿದರು. ಹೆಸರನ್ನು ಇಟಲಿಯ ಫೆರಾರಿಯಿಂದ ಎತ್ತಿಕೊಂಡರು. ಆ ಮೊದಲ ವರ್ಷದಲ್ಲಿಯೇ 32,450 ಕಾರುಗಳು ಮಾರಾಟವಾದ ಮೇಲೆ ಮೇಲಧಿಕಾರಿಗಳಿಗೆ ನಿಯಮದ ನೆನಪು ಉಳಿಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂಥ ಎಂಜಿನ್ನಿನ ನೆತ್ತಿಯ ಮೇಲೆ ಕೂತು ಅದಕ್ಕೆ ಉಸಿರನ್ನೂ ಅನ್ನವನ್ನೂ ಒಟ್ಟಿಗೆ ಉಣಿಸುವ ಲೋಹದ ಪಾತ್ರೆಯೇ ಕಾರ್ಬ್ಯುರೇಟರ್. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು 'ಕಾರ್ಬೇಟರ್'. ಬೆಳಗಿನ ಜಾವದಲ್ಲಿ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಆಮೇಲೆ ಒದೆದು ಚಾಲು ಮಾಡಿದ ತಲೆಮಾರಿನವರೆಲ್ಲರೂ ಅದರ ಸ್ವಭಾವವನ್ನು ಅರಿಯದೆಯೇ ಅದರ ಸೇವೆ ಮಾಡಿದವರು. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಅದು ಹನಿಹನಿಯಾಗಿ ಒಡೆದು, ಆವಿಯಾಗಿ, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ಆ ಪ್ರಮಾಣ ತೂಕದಲ್ಲಿ ಹೇಳುವುದಾದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಅಳತೆಯಲ್ಲಿ ಹೇಳಿದರೆ ಒಂದು ಲೀಟರಿಗೆ ಸುಮಾರು 9,000 ಲೀಟರು ಗಾಳಿ. ಪೂರ್ಣ ಬಲ ಬೇಕಾದಾಗ ಮಿಶ್ರಣ ತುಸು ದಟ್ಟವಾಗಿ, ಒಂದಕ್ಕೆ ಹನ್ನೆರಡೂವರೆ, ಹದಿಮೂರರ ಆಸುಪಾಸಿನಲ್ಲಿರಬೇಕು. ನಿರಾಯಾಸವಾಗಿ ಹೆದ್ದಾರಿಯಲ್ಲಿ ಸಾಗುವಾಗ ತೆಳುವಾದರೂ ನಡೆಯುತ್ತದೆ.

ಈ ಬೆರಕೆಯನ್ನು ಕಾರ್ಬ್ಯುರೇಟರು ಸಾಧಿಸುವ ಬಗೆಯನ್ನು ತಿಳಿಯಬೇಕಾದರೆ ಮೇಕೆದಾಟನ್ನು ನೆನೆದರೆ ಸಾಕು. ವಿಸ್ತಾರವಾಗಿ ಹರಿದು ಬಂದ ಕಾವೇರಿ ಬಂಡೆಗಳ ಇಕ್ಕಟ್ಟಿಗೆ ಸಿಕ್ಕಿದೊಡನೆ ವೇಗವನ್ನು ಪಡೆಯುವಂತೆ, ಕಾರ್ಬ್ಯುರೇಟರಿನ ಗಂಟಲು ನಡುವೆ ಸಣ್ಣಗಾದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದೆಡೆಯಲ್ಲಿ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದೆಡೆಗೆ ಪಕ್ಕದ ಬಟ್ಟಲಿನ ಪೆಟ್ರೋಲು ಸಣ್ಣ ನಳಿಗೆಯೊಂದರ ಮೂಲಕ ತಾನಾಗಿ ಏರಿಬಂದು ಗಾಳಿಯಲ್ಲಿ ಸಿಂಪರಣೆಯಾಗುತ್ತದೆ. 1797ರಲ್ಲಿ ಈ ತತ್ತ್ವವನ್ನು ಕುರಿತು ಬರೆದ ಇಟಲಿಯ ವಿಜ್ಞಾನಿ ಜಿಯೊವಾನಿ ಬಟಿಸ್ಟಾ ವೆಂಚುರಿಯ ಹೆಸರು ಆ ಇಕ್ಕಟ್ಟಿಗೆ ಇಂದಿಗೂ ಅಂಟಿಕೊಂಡಿದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದು ತೇಲುವ ಒಂದು ಫ್ಲೋಟು, ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡಿನ ಹಾಗೆ. ಏರಿಬರುವ ಪೆಟ್ರೋಲಿನ ಮೊತ್ತವನ್ನು ಗೊತ್ತುಪಡಿಸುವುದು ಜೆಟ್ಟು, ಅಂದರೆ ನಿಖರವಾಗಿ ಕೊರೆದ ರಂಧ್ರವುಳ್ಳ ಹಿತ್ತಾಳೆಯ ಚಿಕ್ಕದೊಂದು ತಿರುಪು.

ಇಷ್ಟನ್ನು ಗ್ರಹಿಸಿದವನಿಗೆ ಕಾರ್ಬ್ಯುರೇಟರಿನ ಆಯ್ಕೆಯಲ್ಲಿ ಜನ ಎಡವುವುದೆಲ್ಲಿ ಎಂಬುದು ತಾನಾಗಿ ಹೊಳೆಯುತ್ತದೆ. ದೊಡ್ಡ ಎಂಜಿನ್, ಆದುದರಿಂದ ದೊಡ್ಡ ಕಾರ್ಬ್ಯುರೇಟರ್, ಇನ್ನೂ ದೊಡ್ಡದಾದರೆ ಇನ್ನೂ ಬಲ ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ತೋರುತ್ತದೆ. ಆದರೆ ಗಂಟಲು ಬೇಕಾದುದಕ್ಕಿಂತ ಅಗಲವಾದರೆ ಗಾಳಿ ಅಲ್ಲಿ ಸೋಮಾರಿಯಾಗುತ್ತದೆ. ಮೇಕೆದಾಟಿನ ಕಾವೇರಿ ಕೆರೆಯಾಗುತ್ತದೆ. ನಳಿಗೆಯಿಂದ ಪೆಟ್ರೋಲನ್ನು ಎಳೆಯುವ ಸೆಳೆತ ಕ್ಷೀಣಿಸಿ, ಹನಿಗಳು ದಪ್ಪದಪ್ಪವಾಗಿ ಬಿದ್ದು, ಎಂಜಿನ್ನು ಕಡಮೆ ವೇಗದಲ್ಲಿ ಮುಗ್ಗರಿಸುತ್ತದೆ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರ ವಾದಿಸಿದ. ಸೊಂಟಕ್ಕೆ ಹಾರ, ಕೊರಳಿಗೆ ಡಾಬು ಹಾಕಿಕೊಂಡರೆ ಒಡವೆ ಎಷ್ಟು ಭಾರಿಯಾದರೇನು, ನೋಡಿದವರು ನಗುತ್ತಾರೆ. ವುಡ್‌ವರ್ಡ್ ರಸ್ತೆಯಲ್ಲಿ ವೃದ್ಧರು ಕಣ್ಣುಮುಚ್ಚಿ ಕೇಳುತ್ತಿದ್ದುದು ಈ ಬಗೆಯ ಅನೌಚಿತ್ಯವನ್ನೇ.

ಅವರು ಕಾರನ್ನು ಕೊಂಡಾಗ ಅದರ ಹಿಂದಿನ ಯಜಮಾನ ಮೂಲದ ಕಾರ್ಬ್ಯುರೇಟರನ್ನು ಕಿತ್ತು, ನಿಮಿಷಕ್ಕೆ 850 ಘನ ಅಡಿ ಗಾಳಿ ಬಿಡುವ, ಪಂದ್ಯದ ಕಾರುಗಳಿಗೆ ಹೇಳಿದ ಒಂದು ಭಾರಿ ಕಾರ್ಬ್ಯುರೇಟರನ್ನು ಅಡಾಪ್ಟರ್ ತಟ್ಟೆಯೊಂದರ ಮೇಲೆ ಕೂರಿಸಿದ್ದನಂತೆ. ಕಾರಾದರೋ ಆಟೋಮ್ಯಾಟಿಕ್ ಗೇರಿನದು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದು ಪೆಡಲನ್ನು ತುಳಿದರೆ, ಮುನ್ನುಗ್ಗಬೇಕಾದ ಜಿಟಿಓ ಒಂದು ಕ್ಷಣ ಪ್ರಾಣ ಬಿಟ್ಟಂತಾಗಿ, 'ಬ್ವಾ' ಎಂದು ಸದ್ದು ಮಾಡಿ, ಆಮೇಲೆ ಚೇತರಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಕಾರು ಮುಂದಿನ ಸಿಗ್ನಲ್ಲನ್ನು ದಾಟಿರುತ್ತಿತ್ತು. ಕಾರ್ಬ್ಯುರೇಟರಿನಲ್ಲಿ ದೋಷವೇನೂ ಇರಲಿಲ್ಲ. ಅದು ಬಂದು ಕೂತ ಜಾಗ ಅದರದಾಗಿರಲಿಲ್ಲ, ಅಷ್ಟೆ.

ಲೆಕ್ಕವನ್ನು ಅವರು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಎಂಜಿನ್ನಿನ ಗಾತ್ರವನ್ನು ಘನ ಅಂಗುಲದಲ್ಲಿ ತೆಗೆದುಕೊಂಡು, ಅದು ಮುಟ್ಟುವ ಗರಿಷ್ಠ ಸುತ್ತುಗಳ ಸಂಖ್ಯೆಯಿಂದ ಗುಣಿಸಿ, 3,456ರಿಂದ ಭಾಗಿಸಬೇಕು. ಒಂದು ಘನ ಅಡಿಗೆ 1,728 ಘನ ಅಂಗುಲ. ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೊಮ್ಮೆ ಮಾತ್ರ ತನ್ನ ಹೊಟ್ಟೆಯನ್ನು ತುಂಬಿಕೊಳ್ಳುವುದರಿಂದ ಅದರ ಇಮ್ಮಡಿ. 1967ರ ಜಿಟಿಓವಿನದು 400 ಘನ ಅಂಗುಲ. 5,500 ಸುತ್ತಿಗೆ ಲೆಕ್ಕ ಹಾಕಿದರೆ ಸುಮಾರು 637 ಘನ ಅಡಿ ಬರುತ್ತದೆ. ಆದರೆ ಬಹುಪಾಲು ಎಂಜಿನ್ನುಗಳು ನೂರಕ್ಕೆ ನೂರು ತುಂಬಿಕೊಳ್ಳುವುದಿಲ್ಲ. ಬೀದಿಯಲ್ಲಿ ಓಡುವ ಸಾಮಾನ್ಯ ಎಂಜಿನ್ನಿಗೆ ನೂರಕ್ಕೆ 85 ಎಂದು ಹಿಡಿದರೆ ನಿಮಿಷಕ್ಕೆ 541 ಘನ ಅಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದರ ಗಾಳಿಯನ್ನೆಲ್ಲ ಎರಡು ನಿಮಿಷದೊಳಗೆ ಕುಡಿದುಬಿಡುವ ಈ ದೈತ್ಯನಿಗೂ 600, 650ರ ಕಾರ್ಬ್ಯುರೇಟರು ಸಾಕೆಂಬುದನ್ನು ನೋಡಿ ನಾನು ಬೆರಗಾದೆನು.

ಇಲ್ಲೊಂದು ಉಪಕಥೆಯನ್ನು ಹೇಳದೆ ಬಿಡಲು ಮನಸ್ಸಾಗದು. 1964ರಿಂದ 1966ರವರೆಗೆ ಜಿಟಿಓವಿನ ಹೆಗ್ಗಳಿಕೆಯೆಂದರೆ 'ಟ್ರೈಪವರ್': ಎರಡೆರಡು ಗಂಟಲಿನ ಮೂರು ಕಾರ್ಬ್ಯುರೇಟರುಗಳು ಸಾಲಾಗಿ. ಸಾಮಾನ್ಯ ಓಟದಲ್ಲಿ ನಡುವಿನದೊಂದೇ ದುಡಿಯುವುದು. ಪೆಡಲನ್ನು ಗಟ್ಟಿಯಾಗಿ ತುಳಿದಾಗ ಅಕ್ಕಪಕ್ಕದ ಎರಡೂ ಬಾಯಿ ತೆರೆಯುವುವು. 1966ರಲ್ಲಿ ಈ ವ್ಯವಸ್ಥೆಯಿಂದ ಬಂದುದು 360 ಅಶ್ವಶಕ್ತಿ. 1967ಕ್ಕೆ ಜನರಲ್ ಮೋಟರ್ಸ್ ಕಾರ್ವೆಟ್ ಒಂದನ್ನುಳಿದು ಮಿಕ್ಕ ಕಾರುಗಳಿಗೆ ಒಂದಕ್ಕಿಂತ ಹೆಚ್ಚು ಕಾರ್ಬ್ಯುರೇಟರು ಕೂಡದೆಂದಿತು. ಅಭಿಮಾನಿಗಳು ಹಲ್ಲು ಕಡಿದರು. ಆದರೆ ಹನ್ನೊಂದು ಘನ ಅಂಗುಲ ದೊಡ್ಡದಾದ ಹೊಸ ಎಂಜಿನ್ನಿಗೆ ಒಂದೇ ಒಂದು ರಾಚೆಸ್ಟರ್ ಕ್ವಾಡ್ರಾಜೆಟ್ ಕೂರಿಸಿ ಪಾಂಟಿಯಾಕಿನವರು ಪಡೆದ ಬಲವೆಷ್ಟು? ಅದೇ 360. ಮೂರು ತಲೆಯ ವೈಭವ ಕಣ್ಣಿಗೆ ಹಬ್ಬವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಮೂರನ್ನೂ ಒಂದೇ ಶ್ರುತಿಗೆ ತರುವ ಕಷ್ಟವನ್ನು ಕಂಡವರು ಕಾರ್ಖಾನೆಯವರ ಕಡೆಗೇ ವಾಲುತ್ತಾರೆ.

1965ರಲ್ಲಿ ಬಂದ ಈ ಕ್ವಾಡ್ರಾಜೆಟ್ಟಿನ ಮೈಕಟ್ಟೇ ಬೇರೆ. ನಾಲ್ಕು ಗಂಟಲುಗಳಲ್ಲಿ ಮುಂದಿನ ಎರಡು ಕೇವಲ 35 ಮಿಲಿಮೀಟರು ಅಗಲ, ಹಿಂದಿನ ಎರಡು 57. ಊರೊಳಗೆ ತಿರುಗಾಡುವಾಗ ಚಿಕ್ಕವು ಮಾತ್ರ ದುಡಿಯುವುದರಿಂದ ಗಾಳಿಯ ಸೆಳೆತ ತೀಕ್ಷ್ಣವಾಗಿರುತ್ತದೆ. ಹಿಂದಿನವುಗಳ ಮೇಲೆ ಸ್ಪ್ರಿಂಗಿಗೆ ಸಿಕ್ಕಿಸಿದ ಗಾಳಿಕದವೊಂದಿದ್ದು, ಎಂಜಿನ್ನು ಕೇಳಿದಷ್ಟೇ ಅಗಲಕ್ಕೆ ತೆರೆದುಕೊಳ್ಳುತ್ತದೆ. ಆದಕಾರಣ ಇದರ ಸಾಮರ್ಥ್ಯ ಸುಮಾರು 750 ಘನ ಅಡಿಯೆಂದು ಬರೆದಿದ್ದರೂ, 541 ಸಾಕೆಂಬ ಎಂಜಿನ್ನಿಗೆ ಅದು ಭಾರವಾಗುವುದಿಲ್ಲ. ಇತರ ಕಂಪನಿಗಳವೂ ಉಂಟು. ಪೆನ್ಸಿಲ್ವೇನಿಯದ ಬ್ರಾಡ್‌ಫರ್ಡಿನ ಸೋದರರಿಬ್ಬರು ಕಟ್ಟಿದ ಹೋಲಿ ಸಂಸ್ಥೆಯ ನಾಲ್ಕು ಗಂಟಲಿನವುಗಳಲ್ಲಿ ಹಿಂದಿನ ಗಂಟಲುಗಳನ್ನು ಸರಳಿನಿಂದಲೇ ತೆರೆಯುವ ಒಂದು ಬಗೆ, ಗಾಳಿಯ ಸೆಳೆತಕ್ಕೆ ಬಿಟ್ಟುಕೊಡುವ ಇನ್ನೊಂದು ಬಗೆ ಇವೆ. ಹಗುರ ಕಾರು, ಕೈಗೇರು, ಪಂದ್ಯದ ಹುಚ್ಚು ಇದ್ದವರಿಗೆ ಮೊದಲನೆಯದು. ಭಾರದ ಕಾರಿಗೂ ಆಟೋಮ್ಯಾಟಿಕ್ಕಿಗೂ ಎರಡನೆಯದೇ ಕ್ಷೇಮ. ಕಾರ್ಟರ್ ಎಎಫ್‌ಬಿಯ ವಿನ್ಯಾಸವನ್ನು ಅನುಸರಿಸಿ ಎಡೆಲ್‌ಬ್ರಾಕಿನವರು ಮಾಡುವುದರಲ್ಲಿ ಪೆಟ್ರೋಲನ್ನು ಬಸಿಯದೆಯೇ, ಜೆಟ್ಟಿನೊಳಗೆ ಇಳಿಯುವ ಅಳತೆಕಡ್ಡಿಗಳನ್ನು ಬದಲಿಸಬಹುದಾದುದರಿಂದ ಹೊಸಬರಿಗೆ ಅದು ಸೌಮ್ಯವಾದ ಗುರು.

ನಮ್ಮ ವೃದ್ಧರ ಪುಣ್ಯಕ್ಕೆ ಕಾರಿನೊಡನೆ ಬಂದ ಮರದ ಪೆಟ್ಟಿಗೆಯೊಂದರಲ್ಲಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ್ದ ಕ್ವಾಡ್ರಾಜೆಟ್ ಸಿಕ್ಕಿತು. ಅದರ ಮೈಮೇಲಿದ್ದ ಸಂಖ್ಯೆ 7027 ಎಂದು ಮೊದಲಾಗುತ್ತಿತ್ತು. ಕೊನೆಯ ಆ ಏಳು 67ನೆಯ ವರ್ಷದ ಗುರುತು. ಬಿಚ್ಚಿ, ತೊಳೆದು, ಹೊಸ ಗ್ಯಾಸ್ಕೆಟ್ಟುಗಳನ್ನು ಹಾಕಿ, ಫ್ಲೋಟಿನ ಎತ್ತರವನ್ನು ಸ್ಕೇಲಿಟ್ಟು ಅಳೆದು ಕೂರಿಸುವುದಕ್ಕೆ ಎರಡು ಮಧ್ಯಾಹ್ನಗಳು ಹಿಡಿದವು. ಫ್ಲೋಟಿನ ಮಟ್ಟ ತಪ್ಪಿದರೆ ಮುಂದಿನ ಸಾಧನೆಯೆಲ್ಲ ವ್ಯರ್ಥವೆಂದು ಅವರು ಮತ್ತೆಮತ್ತೆ ಹೇಳಿದರು. ಹೋಲಿಯಲ್ಲಾದರೆ ಈ ತಾಪತ್ರಯವಿಲ್ಲ. ಬಟ್ಟಲಿನ ಪಕ್ಕದ ಬಿರಡೆ ತೆಗೆದು ನೋಡಿದಾಗ ಪೆಟ್ರೋಲು ಆ ಕಿಂಡಿಯ ಕೆಳಅಂಚನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಸರಿ.

ಮೂರನೆಯ ದಿನ ಶ್ರುತಿಮಾಡುವ ಕೆಲಸ. ಮೊದಲು ಅವರು ಮುಟ್ಟಿದುದು ಕಾರ್ಬ್ಯುರೇಟರನ್ನಲ್ಲ. ಪ್ಲಗ್ಗುಗಳು, ಪಾಯಿಂಟುಗಳ ಸಂದು, ಕಿಡಿ ಹಾರುವ ಟೈಮಿಂಗು, ಗಾಳಿ ಸೋರುವ ರಬ್ಬರ್ ಕೊಳವೆಗಳು, ಇಷ್ಟನ್ನೂ ನೋಡಿ ಮುಗಿಸದೆ ಕಾರ್ಬ್ಯುರೇಟರಿನ ತಿರುಪಿಗೆ ಸ್ಕ್ರೂಡ್ರೈವರ್ ಹಾಕುವವನು ಜ್ವರದವನಿಗೆ ಕನ್ನಡಕ ಬರೆದುಕೊಡುವ ವೈದ್ಯನಂತೆ. ಪೆಟ್ರೋಲಿನ ದೋಷವೆಂದು ದೂರುವವರಲ್ಲಿ ಬಹುಮಂದಿಯ ಕಾಯಿಲೆ ಕಿಡಿಯದೇ ಆಗಿರುತ್ತದಂತೆ. ಅನಂತರ ಕಾಲು ಗಂಟೆ ಎಂಜಿನ್ನನ್ನು ಓಡಿಸಿ ಚೆನ್ನಾಗಿ ಕಾಯಿಸಿದರು. ಬೆಂಕಿಯಾರಿಸುವ ಸಿಲಿಂಡರು ಕೈಗೆಟುಕುವಲ್ಲಿತ್ತು. ನನ್ನ ಜೇಬಿನ ಬೀಡಿಯನ್ನು ಮೊದಲೇ ಹೊರಗಿಡಿಸಿದ್ದರು.

ಎಂಜಿನ್ನಿನ ಸೆಳೆತವನ್ನು ಪಾದರಸದ ಅಂಗುಲಗಳಲ್ಲಿ ತೋರಿಸುವ ಒಂದು ವ್ಯಾಕ್ಯೂಮ್ ಗೇಜನ್ನು ಕಾರ್ಬ್ಯುರೇಟರಿನ ಕೆಳಗಿನ ಮ್ಯಾನಿಫೋಲ್ಡಿಗೆ ಸಿಕ್ಕಿಸಿದಾಗ ಮುಳ್ಳು 15 ಅಂಗುಲದ ಬಳಿ ತೊನೆಯುತ್ತಿತ್ತು. ಕಾರ್ಬ್ಯುರೇಟರಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಮಿಕ್ಸ್ಚರ್ ಸ್ಕ್ರೂಗಳು; ಎಂಜಿನ್ನು ನಿಂತಲ್ಲೇ ತಿರುಗುವಾಗಿನ ಮಿಶ್ರಣವನ್ನು ಅವು ಗೊತ್ತುಪಡಿಸುತ್ತವೆ. ಎಂಜಿನ್ನನ್ನು ನಿಲ್ಲಿಸಿ ಎರಡನ್ನೂ ಮೆಲ್ಲನೆ ಒಳಕ್ಕೆ ಕೂರಿಸಿ, ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ ಮತ್ತೆ ಚಾಲು ಮಾಡಿದರು. ಬಳಿಕ ಎಡಗಡೆಯದನ್ನು ಒಂದು ಎಂಟನೆಯ ಸುತ್ತಿನಷ್ಟು ಒಳಕ್ಕೆ ತಿರುಗಿಸಿ ಕಾದರು. ಎಂಜಿನ್ನಿನ ದನಿ ಬಾಡಿತು, ಮುಳ್ಳು ಇಳಿಯಿತು. ಹೊರಕ್ಕೆ, ಇನ್ನೊಂದಿಷ್ಟು ಹೊರಕ್ಕೆ. ಮುಳ್ಳು 16ಕ್ಕೆ ಏರಿತು. ಆಮೇಲೆ ಬಲಗಡೆಯದು, ಅಷ್ಟೇ. ಪುನಃ ಎಡ, ಪುನಃ ಬಲ. ತಂಬೂರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ತಂತಿಯನ್ನು ಮೀಟಿ ಕಿವಿಗೊಡುವವರನ್ನು ನೋಡಿದವರಿಗೆ ಈ ತಾಳ್ಮೆಯ ಪರಿಚಯವುಂಟು. ಅರ್ಧ ಗಂಟೆಯಾದ ಮೇಲೆ ಮುಳ್ಳು 18ರಲ್ಲಿ ಅಲುಗದೆ ನಿಂತಿತು. ಎಂಟು ಸಿಲಿಂಡರುಗಳ ಬೇರೆಬೇರೆ ಬಡಿತಗಳು ಕೂಡಿ ಒಂದೇ ಅಖಂಡ ಗುನುಗಾದವು. ಆ ಕ್ಷಣದಲ್ಲಿ ನನ್ನ ಮುಖವನ್ನು ನೋಡಿ ಅವರು ನಕ್ಕದ್ದು ನೆನಪಿದೆ.

ಮುಂದಿನದು ಮುಗ್ಗರಿಸುವ ರೋಗ. ಪೆಡಲನ್ನು ಒಮ್ಮೆಲೇ ತುಳಿದಾಗ ಹಗುರವಾದ ಗಾಳಿ ತಟ್ಟನೆ ನುಗ್ಗುತ್ತದೆ, ಭಾರವಾದ ಪೆಟ್ರೋಲು ಹಿಂದೆ ಬೀಳುತ್ತದೆ. ಈ ಅಂತರವನ್ನು ತುಂಬಲು ಪಿಚಕಾರಿಯಂಥ ಪಂಪೊಂದು ಒಳಗಿದೆ. ಎಂಜಿನ್ನು ನಿಂತಿರುವಾಗ ಟಾರ್ಚು ಬಿಟ್ಟು ಗಂಟಲೊಳಗೆ ಇಣುಕಿ ಸರಳನ್ನು ಅಲುಗಿಸಿದರೆ, ಅಲುಗಿಸಿದ ಕ್ಷಣದಲ್ಲಿಯೇ ಎರಡು ಎಳೆಯಾಗಿ ಪೆಟ್ರೋಲು ಚಿಮ್ಮಬೇಕು. ಚಿಮ್ಮಿತು. ಆದರೂ ರಸ್ತೆಯಲ್ಲಿ ಹಿಂದಿನ ಗಂಟಲುಗಳು ತೆರೆಯುವ ಹೊತ್ತಿಗೆ ಕಾರು ಕ್ಷಣಕಾಲ ಉಸಿರುಗಟ್ಟುತ್ತಿತ್ತು. ಗಾಳಿಕದದ ಸ್ಪ್ರಿಂಗು ಸಡಿಲವಾಗಿ, ಕದ ಅವಸರದಿಂದ ತೆರೆದುಕೊಳ್ಳುತ್ತಿದ್ದುದೇ ಕಾರಣ. ಕಾಲು ಸುತ್ತು ಬಿಗಿಮಾಡಿ ಓಡಿಸಿದರು, ಅರ್ಧ ಗುಣವಾಯಿತು. ಇನ್ನು ಕಾಲು ಸುತ್ತಿಗೆ ಪೂರ್ತಿ. ಹೋಲಿಯ ಒಡೆಯರಿಗೆ ಇಲ್ಲಿ ಬೇರೊಂದು ಚಿಂತೆಯಿದೆ: ಬಲ ಬೇಕಾದಾಗ ಹೆಚ್ಚಿನ ಪೆಟ್ರೋಲು ಬಿಡುವ ಪವರ್ ವಾಲ್ವು. ಅದರ ಮೇಲೆ 65 ಎಂದಿದ್ದರೆ ಆರೂವರೆ ಅಂಗುಲಕ್ಕೆ ತೆರೆಯುತ್ತದೆಂದರ್ಥ. ನಿಂತಲ್ಲಿ ತಿರುಗುವಾಗಿನ ವ್ಯಾಕ್ಯೂಮಿನ ಅರ್ಧದಷ್ಟರದನ್ನು ಆರಿಸಬೇಕೆಂಬುದು ರೂಢಿಯ ಸೂತ್ರ. ಎಂಜಿನ್ನಿನ ವಾಲ್ವುಗಳನ್ನು ತೆರೆಯಲು ಬಿರುಸಿನ ಕ್ಯಾಮ್ ಹಾಕಿ ವ್ಯಾಕ್ಯೂಮನ್ನು ಒಂಬತ್ತಕ್ಕಿಳಿಸಿಕೊಂಡವರು ಸೂತ್ರವನ್ನು ಮರೆತರೆ ಪೆಟ್ರೋಲು ಬಂಕಿನವನಿಗೆ ಲಾಭ.

ಜೆಟ್ಟುಗಳ ಬಗೆಗೆ ಹಳಬರ ಪರೀಕ್ಷೆ ಪ್ಲಗ್ಗಿನ ಬಣ್ಣ. ಕಪ್ಪು ಮಸಿ ಕೂತಿದ್ದರೆ ಮಿಶ್ರಣ ದಟ್ಟ, ಬೂದಿಬಿಳುಪಾದರೆ ಅಪಾಯಕರವಾಗಿ ತೆಳು, ಹಾಲು ಬೆರೆಸಿದ ಕಾಫಿಯ ಬಣ್ಣವಾದರೆ ಹದ. ಆದರೆ ಸೀಸವಿಲ್ಲದ ಇಂದಿನ ಪೆಟ್ರೋಲು ಪ್ಲಗ್ಗಿನ ಮೇಲೆ ಮೊದಲಿನಷ್ಟು ಸ್ಪಷ್ಟವಾಗಿ ಬರೆಯುವುದಿಲ್ಲ. ಆದುದರಿಂದ ಸೈಲೆನ್ಸರಿನ ಕೊಳವೆಯಲ್ಲಿ ಆಮ್ಲಜನಕದ ಸೆನ್ಸರನ್ನು ನೆಟ್ಟು ಮಿಶ್ರಣದ ಅಂಕಿಯನ್ನೇ ಓದಿಕೊಳ್ಳುವವರು ಹೆಚ್ಚಾಗಿದ್ದಾರೆ. ಇದು ಮೋಸವಲ್ಲವೇ ಎಂದು ನಾನು ಕೆಣಕಿದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡುವವರನ್ನು ನೀವು ಏನೆನ್ನುತ್ತೀರಿ ಎಂದು ಅವರು ಕೇಳಲಿಲ್ಲ, ಕೇಳಬಹುದಾಗಿತ್ತು.

ಪೆಟ್ರೋಲಿನ ಮಾತು ಬಂದುದರಿಂದ ಇದೊಂದು. ಅಮೆರಿಕದ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲು ಎಥನಾಲ್ ಬೆರೆತಿರುತ್ತದೆ. ಎಥನಾಲು ತನ್ನ ಅಣುವಿನಲ್ಲಿಯೇ ಆಮ್ಲಜನಕವನ್ನು ಹೊತ್ತುಬರುವುದರಿಂದ ಅದಕ್ಕೆ ಕಡಮೆ ಗಾಳಿ ಸಾಕು. ಆದರ್ಶ ಪ್ರಮಾಣ 14.7ರಿಂದ 14.1ಕ್ಕೆ ಇಳಿಯುತ್ತದೆ. 1967ರ ಜೆಟ್ಟುಗಳು ಇಂದಿನ ಪೆಟ್ರೋಲಿಗೆ ಕೊಂಚ ಜಿಪುಣವಾಗಿ ತೋರುವುದು ಇದರಿಂದ. ಹಳೆಯ ರಬ್ಬರು ಭಾಗಗಳನ್ನೂ ಅದು ಮೆತ್ತಗೆ ಮಾಡಿ ಕೆಡಿಸುತ್ತದೆ. ನೂರಕ್ಕೆ ಇಪ್ಪತ್ತರ ಮಿಶ್ರಣ ತುಂಬಿಸಿಕೊಳ್ಳುತ್ತಿರುವ ನಮ್ಮ ಹಳೆಯ ಅಂಬಾಸಡರು, ಬುಲೆಟ್ಟುಗಳ ಒಡೆಯರು ಈ ಮಾತನ್ನು ಒಂದಿಷ್ಟು ಗಮನವಿಟ್ಟು ಕೇಳಬೇಕು. ಎತ್ತರದ ಪ್ರದೇಶಗಳಲ್ಲಿ ತೊಂದರೆ ತಿರುವುಮುರುವು: ಸುಮಾರು 1,600 ಮೀಟರು ಎತ್ತರದ ಡೆನ್ವರಿನಲ್ಲಿ ಗಾಳಿ ವಿರಳವಾಗಿ, ಡೆಟ್ರಾಯಿಟಿನ ಹದ ಅಲ್ಲಿ ಅತಿಯಾಗುತ್ತದೆ, ಎರಡು ಸಾವಿರ ಅಡಿಗೊಂದರಂತೆ ಜೆಟ್ಟನ್ನು ಕಿರಿದುಮಾಡುತ್ತ ಏರಬೇಕು.

ಆ ಸಂಜೆ ವುಡ್‌ವರ್ಡಿನ ಸಿಗ್ನಲ್ಲೊಂದರಲ್ಲಿ ಹಸಿರು ದೀಪ ಹತ್ತಿದಾಗ ನಾನು ಪಕ್ಕದ ಸೀಟಿನಲ್ಲಿದ್ದೆ. 'ಬ್ವಾ' ಎನ್ನಲಿಲ್ಲ, ಬೆನ್ನು ಸೀಟಿಗೊತ್ತಿತು, ಹಿಂದಿನ ಗಂಟಲುಗಳು ತೆರೆದಾಗ ಬಾನೆಟ್ಟಿನಡಿಯಿಂದ ದಪ್ಪನೆಯ ಮೊರೆತವೊಂದು ಎದ್ದಿತು, ಅಷ್ಟರಲ್ಲಿ ಅವರೇ ಕಾಲು ತೆಗೆದರು. ಮನೆಗೆ ಮರಳಿದ ಮೇಲೆ ಎಂಜಿನ್ನು ಆರುವವರೆಗೂ ಕಾದು, ಕೈಯೊರೆಸಿಕೊಂಡು, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಎಣ್ಣೆಗಲೆಯ ನೋಟುಪುಸ್ತಕವನ್ನು ತೆಗೆದರು. ತಾರೀಖು, ಹೊರಗಿನ ಉಷ್ಣತೆ, ಎಡ ತಿರುಪು ಎರಡು ಸುತ್ತು, ಬಲ ಎರಡಕ್ಕೆ ಒಂದು ಎಂಟನೆಯ ಪಾಲು ಕಡಮೆ, ಸ್ಪ್ರಿಂಗು ಅರ್ಧ ಸುತ್ತು ಹೆಚ್ಚು ಎಂದು ಪೆನ್ಸಿಲಿನಲ್ಲಿ ಬರೆದರು. ಪೆನ್ನಿನಲ್ಲಿ ಏಕಿಲ್ಲವೆಂದು ಕೇಳಿದೆ. ಅಕ್ಟೋಬರಿನಲ್ಲಿ ಚಳಿ ಬಿದ್ದರೆ ಗಾಳಿ ದಪ್ಪವಾಗುತ್ತದೆ, ಅಳಿಸಬೇಕಾಗುತ್ತದೆ ಎಂದರು.